ಸಭೆಯೊಳಗೆ ಕೂತ ಕ್ಯಾಮೆರಾ

ಸಾಮಾಜಿಕ ವಿಷಯಗಳ ಮೇಲಿನ ಸಾಕ್ಷ್ಯಚಿತ್ರಗಳನ್ನು ನೋಡುವಾಗ ಬಹಳ ಕಾಲದಿಂದ ನನ್ನನ್ನು ಕಾಡುತ್ತಿರುವ ಸಂಗತಿಯೊಂದಿದೆ. ಅವುಗಳಲ್ಲಿ ನೊಂದವರು ಯಾವಾಗಲೂ ಒಂಟಿಯಾಗಿರುತ್ತಾರೆ. ಸಾಲದ ಬಾಧೆಗೆ ಗಂಡನನ್ನು ಕಳೆದುಕೊಂಡ ಹೆಂಗಸು ಹೊಸ್ತಿಲ ಮೇಲೆ ಒಬ್ಬಳೇ ಕೂತಿರುತ್ತಾಳೆ. ತೆರವು ಕಾರ್ಯಾಚರಣೆಯಲ್ಲಿ ಮನೆ ಹೋದ ಮುದುಕ ಒಡೆದ ಗೋಡೆಯ ಎದುರು ಒಬ್ಬನೇ ನಿಂತಿರುತ್ತಾನೆ. ಕ್ಯಾಮೆರಾ ಮೆಲ್ಲಗೆ ಮುಖದ ಹತ್ತಿರಕ್ಕೆ ಹೋಗುತ್ತದೆ, ಹಿನ್ನೆಲೆಯಲ್ಲಿ ಕೊಳಲೋ ಸಾರಂಗಿಯೋ ಶುರುವಾಗುತ್ತದೆ, ಕಣ್ಣಲ್ಲಿ ನೀರು ತುಂಬುವವರೆಗೆ ಚಿತ್ರ ಕಾಯುತ್ತದೆ. ಆ ಹೆಂಗಸಿಗೆ ಅಕ್ಕಪಕ್ಕದವರಿದ್ದಾರೆ, ಸಂಘವಿದೆ, ಅವಳು ನಿನ್ನೆಯಷ್ಟೇ ತಾಲ್ಲೂಕು ಕಚೇರಿಯಲ್ಲಿ ಗಟ್ಟಿದನಿಯಲ್ಲಿ ಜಗಳವಾಡಿ ಬಂದಿದ್ದಾಳೆ ಎಂಬುದೆಲ್ಲ ಸಂಕಲನದಲ್ಲಿ ಎಲ್ಲೋ ಉದುರಿಹೋಗಿರುತ್ತದೆ. ನೋಡುವ ನಮಗೆ ಉಳಿಯುವುದು ಒಂದು ಮುಖ ಮತ್ತು ಒಂದು ಮರುಕ. ಮರುಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ಮರುಕಪಡುವವರು ಮರುಕಕ್ಕೆ ಪಾತ್ರರಾದವರಿಗಿಂತ ಒಂದು ಮೆಟ್ಟಿಲು ಮೇಲೆ ಕೂತಿರುತ್ತಾರೆ, ಮತ್ತು ಚಿತ್ರ ಮುಗಿದ ಮೇಲೂ ಆ ಮೆಟ್ಟಿಲಿನಿಂದ ಇಳಿಯಬೇಕಾದ ಅಗತ್ಯ ಅವರಿಗೆ ಬೀಳುವುದಿಲ್ಲ.

ಈ ಅಸಮಾಧಾನಕ್ಕೆ ನನ್ನ ಮಟ್ಟಿಗೆ ಉತ್ತರದಂತೆ ಒದಗಿಬಂದದ್ದು ದೀಪಾ ಧನರಾಜ್ ಅವರ ಚಿತ್ರಗಳು. ಬೆಂಗಳೂರಿನಲ್ಲಿ ನೆಲೆಸಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಈ ಕೆಲಸವನ್ನೇ ಮಾಡಿಕೊಂಡು ಬಂದವರು ಅವರು. ಪುಣೆಯ ಮನೆಗೆಲಸದವರು, ನಿಪ್ಪಾಣಿಯ ತಂಬಾಕು ಕಾರ್ಮಿಕರು, ಹೈದರಾಬಾದಿನ ಹಳೇ ಊರಿನವರು, ರಾಜಸ್ಥಾನದ ಹಳ್ಳಿಯ ಹೆಂಗಸರು, ತಮಿಳುನಾಡಿನ ಮುಸ್ಲಿಂ ಮಹಿಳೆಯರು, ದಲಿತ ವಿದ್ಯಾರ್ಥಿಗಳು: ವಿಷಯಗಳ ಪಟ್ಟಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲವೆನ್ನಿಸಬಹುದು. ಚಿತ್ರಗಳನ್ನು ಒಂದರ ಹಿಂದೊಂದು ನೋಡುತ್ತ ಹೋದಾಗ ಮಾತ್ರ ಎಲ್ಲದರ ನಡುವೆಯೂ ಮತ್ತೆ ಮತ್ತೆ ಬರುವ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಒಂದಷ್ಟು ಜನ ನೆಲದ ಮೇಲೆ ಸುತ್ತ ಕೂತಿದ್ದಾರೆ, ಮಾತಾಡುತ್ತಿದ್ದಾರೆ, ಒಬ್ಬರ ಮಾತನ್ನು ಇನ್ನೊಬ್ಬರು ತಡೆಯುತ್ತಿದ್ದಾರೆ, ಕ್ಯಾಮೆರಾ ಅವರ ನಡುವೆಯೇ ಎಲ್ಲೋ ಕೂತಿದೆ. ಇವರ ಚಿತ್ರಗಳ ಮುಖ್ಯ ಪಾತ್ರ ಯಾವ ವ್ಯಕ್ತಿಯೂ ಅಲ್ಲ, ಸಭೆ. ಒಬ್ಬ ನಿರ್ದೇಶಕಿಯ ಇಡೀ ವೃತ್ತಿಜೀವನ ಒಂದು ಸಭೆಯಿಂದ ಇನ್ನೊಂದು ಸಭೆಗೆ ನಡೆದ ಪಯಣದಂತೆ ಕಾಣಲು ಶುರುವಾದ ಮೇಲೆ, ಸಾಕ್ಷ್ಯಚಿತ್ರಕಾರರ ಬದುಕನ್ನು ಚಿತ್ರಗಳ ಹಾಗೂ ಪ್ರಶಸ್ತಿಗಳ ಪಟ್ಟಿಯಾಗಿ ಓದುವುದನ್ನು ನಾನು ಬಿಟ್ಟಿದ್ದೇನೆ.

ನಿಪ್ಪಾಣಿಯ ವಖಾರಿಗಳು

ಯುಗಾಂತರ್ ಎಂಬ ಚಿತ್ರತಂಡ ಹುಟ್ಟಿದ್ದು 1980ರಲ್ಲಿ. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಅದರಲ್ಲಿದ್ದರು. ತುರ್ತು ಪರಿಸ್ಥಿತಿ ಮುಗಿದು ದೇಶ ಉಸಿರಾಡುತ್ತಿದ್ದ ಕಾಲ ಅದು. ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲಿ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿದ್ದರ ವಿರುದ್ಧ ಊರೂರಲ್ಲಿ ಮಹಿಳಾ ಸಂಘಟನೆಗಳು ತಲೆ ಎತ್ತಿದ್ದವು. ಆ ಬಿಸಿಯಲ್ಲಿ ಯುಗಾಂತರ್ ತಂಡ ಮಾಡಿದ್ದು ನಾಲ್ಕು ಕಿರುಚಿತ್ರಗಳನ್ನು. ಪುಣೆಯ ಮನೆಗೆಲಸದ ಮಹಿಳೆಯರು ಮುಷ್ಕರ ಹೂಡಿ ಸಂಘ ಕಟ್ಟಿದ ಕಥೆಯಾದ 'ಮೋಲಕರೀಣ್' 1981ರಲ್ಲಿ, ನಿಪ್ಪಾಣಿಯ ತಂಬಾಕು ಕಾರ್ಮಿಕರ ಕುರಿತ ಮರಾಠಿಯ 'ತಂಬಾಕು ಚಾಕಿಲಾ ಊಬ್ ಆಲಿ' 1982ರಲ್ಲಿ, ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯೊಂದಿಗೆ ಕೂಡಿ ಮಾಡಿದ ತೆಲುಗಿನ 'ಇದಿ ಕಥಾ ಮಾತ್ರಮೇನಾ' ಮತ್ತು ಚಿಪ್ಕೊ ಚಳವಳಿಯ ಕಾರ್ಯಕರ್ತೆಯೊಬ್ಬರ ಕುರಿತ 'ಸುದೇಶಾ' 1983ರಲ್ಲಿ ಬಂದವು.

ಇವುಗಳಲ್ಲಿ ನಿಪ್ಪಾಣಿಯದು ನಮ್ಮ ನೆಲದ ಚಿತ್ರ. ನಿಪ್ಪಾಣಿ ಎಂದರೆ ನಮ್ಮ ಚಳವಳಿಗಳ ಚರಿತ್ರೆಯಲ್ಲಿ ನೆನಪಾಗುವುದು 1981ರ ತಂಬಾಕು ಬೆಳೆಗಾರರ ಹೋರಾಟ, ಹೆದ್ದಾರಿ ತಡೆ, ಏಪ್ರಿಲ್ ತಿಂಗಳಲ್ಲಿ ನಡೆದ ಗೋಲಿಬಾರ್. ಅದಕ್ಕೂ ಹಿಂದಿನ ವರ್ಷದ ನರಗುಂದ, ನವಲಗುಂದಗಳ ಜೊತೆಗೇ ನಾವು ನಿಪ್ಪಾಣಿಯನ್ನೂ ಹೇಳುತ್ತೇವೆ, ಹೇಳಲೇಬೇಕು. ಆದರೆ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ರೈತ ಬೆಳೆದ ಅದೇ ತಂಬಾಕನ್ನು ವಖಾರಿಗಳ ಒಳಗೆ ಬಡಿದು, ಸೋಸಿ, ಚೀಲಕ್ಕೆ ತುಂಬುತ್ತಿದ್ದ ಸಾವಿರಾರು ಹೆಂಗಸರು ಸಂಘ ಕಟ್ಟುತ್ತಿದ್ದರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ? ಗೋಲಿಬಾರ್ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಮಾಲೀಕನ ಎದುರು ಕೂಲಿ ಕೇಳಲು ಮೊದಲು ಯಾರು ಬಾಯಿ ತೆರೆಯಬೇಕೆಂದು ಹೆಂಗಸರು ರಾತ್ರಿ ಕೂತು ಮಾತಾಡಿದ್ದು ಬರುವುದಿಲ್ಲ. ಸುಮಾರು ಇಪ್ಪತ್ತೈದು ನಿಮಿಷದ ಆ ಚಿತ್ರ ಇಲ್ಲದಿದ್ದರೆ ಆ ಮಾತಿನ ಧಾಟಿ ನಮಗೆ ಕೇಳಿಸುತ್ತಲೇ ಇರಲಿಲ್ಲ.

ಯುಗಾಂತರ್ ತಂಡ ನಾಲ್ಕು ತಿಂಗಳು ಆ ಹೆಂಗಸರ ಜೊತೆಗಿತ್ತು. ಅವರ ಅನುಭವಗಳನ್ನು ಕೇಳುವುದು, ಸಂಘವನ್ನು ಹೇಗೆ ಬೆಳೆಸಬೇಕೆಂಬ ಚರ್ಚೆಯಲ್ಲಿ ತಾವೂ ಕೂರುವುದು, ಚಿತ್ರದಲ್ಲಿ ಏನಿರಬೇಕೆಂಬುದನ್ನು ಅವರೊಂದಿಗೇ ನಿರ್ಧರಿಸುವುದು: ಇವೆಲ್ಲ ಒಂದೇ ಕೆಲಸವಾಗಿ ನಡೆದವು. ಕೆಲವು ಸನ್ನಿವೇಶಗಳನ್ನು ಆ ಹೆಂಗಸರೇ ಮತ್ತೊಮ್ಮೆ ಅಭಿನಯಿಸಿ ತೋರಿಸಿದ್ದಾರೆ. ಸಾಕ್ಷ್ಯಚಿತ್ರದಲ್ಲಿ ಅಭಿನಯವೇ ಎಂದು ಹುಬ್ಬೇರಿಸುವವರಿದ್ದಾರೆ. ನನಗೆ ಆ ಆಕ್ಷೇಪ ಸರಿಯೆನ್ನಿಸುವುದಿಲ್ಲ. ತಮ್ಮ ಬದುಕಿನಲ್ಲಿ ನಡೆದುಹೋದದ್ದನ್ನು, ತಾವು ಗೆದ್ದು ಬಂದ ಸಂದರ್ಭವನ್ನು, ಹೇಗೆ ನಡೆಯಿತೆಂದು ತಾವೇ ಚರ್ಚಿಸಿ ಮತ್ತೆ ಆಡಿ ತೋರಿಸುವವರು ಸುಳ್ಳು ಹೇಳುತ್ತಿರುವುದಿಲ್ಲ, ಸಾಕ್ಷ್ಯವನ್ನೇ ಇನ್ನೊಂದು ರೀತಿಯಲ್ಲಿ ನುಡಿಯುತ್ತಿರುತ್ತಾರೆ. ಹೊಸ್ತಿಲ ಮೇಲೆ ಒಂಟಿಯಾಗಿ ಕೂರಿಸಿ ಕಣ್ಣೀರಿಗಾಗಿ ಕಾಯುವುದರಲ್ಲಿ ಇದಕ್ಕಿಂತ ಹೆಚ್ಚಿನ ನಿರ್ದೇಶನವಿದೆ, ಅದು ಹೊರಗೆ ಕಾಣುವುದಿಲ್ಲ ಅಷ್ಟೇ.

ಈ ಚಿತ್ರವನ್ನು ನಾನು ಎರಡನೆಯ ಬಾರಿ ನೋಡಿದ್ದು ಚಿಕ್ಕೋಡಿ ಕಡೆಯ ಒಬ್ಬ ವಯಸ್ಸಾದ ಬಂಧುವಿನ ಜೊತೆ. ಅವರು ಚಿಕ್ಕವರಿದ್ದಾಗ ತಾಯಿಯೊಂದಿಗೆ ವಖಾರಿ ಕೆಲಸಕ್ಕೆ ಹೋಗುತ್ತಿದ್ದವರು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು. ಮೊದಲ ಕೆಲವು ನಿಮಿಷ ಅವರು ಯಾವ ಮುಖವನ್ನೂ ನೋಡಲಿಲ್ಲ, ನೋಡಿದ್ದು ಧೂಳನ್ನು. ತಂಬಾಕು ಬಡಿಯುವ ದೃಶ್ಯ ಬಂದಾಗ, ತಮಗೇ ತಿಳಿಯದಂತೆ ಸೆರಗನ್ನು ಮೂಗಿಗೆ ಎಳೆದುಕೊಂಡರು. ಆಮೇಲೆ ಶುರುವಾಯಿತು ಅವರ ಮಾತು. "ಮನೀಗಿ ಬಂದು ಎಷ್ಟ ಕೈ ತೊಳಕೊಂಡ್ರೂ ತುತ್ತು ಕಹಿ ಹತ್ತತಿತ್ತು ನೋಡು. ನಮ್ಮವ್ವ ಕೂಸಿಗಿ ಹಾಲು ಕುಡಸೂಕಿಂತ ಮೊದಲ ಮೈಯೆಲ್ಲಾ ತೊಳಕೊಂಡ ಬರಾಕಿ, ಇಲ್ಲಂದ್ರ ಕೂಸು ಬಾಯಿ ಹಚ್ಚತಿದ್ದಿಲ್ಲ." ಮೊಲೆಹಾಲಿಗೂ ಅಂಟಿದ ಆ ಕಹಿಯನ್ನು ನಾನು ಯಾವ ವರದಿಯಲ್ಲೂ ಓದಿರಲಿಲ್ಲ. ಚಿತ್ರದಲ್ಲಿ ಹೆಂಗಸರು ಸಭೆ ಸೇರಿದ ಭಾಗ ಬಂದಾಗ ಅವರು ಫೋನಿನ ದನಿ ಹೆಚ್ಚಿಸಲು ಹೇಳಿದರು. ಅಲ್ಲಿಯವರೆಗೆ ನನಗೆ ವಿವರಿಸುತ್ತಿದ್ದವರು ಸುಮ್ಮನಾಗಿ ಕೇಳಿಸಿಕೊಂಡರು, ಮರಾಠಿಯ ಒಂದೆರಡು ಮಾತಿಗೆ ತಲೆಯಾಡಿಸಿದರು. ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಇದನ್ನ ತಗದಾಕಿ ಹೆಣಮಗಳೇನು? ವಖಾರಿ ಒಳಗ ಹೆಂಗ ಬಿಟ್ಟರ ಆಕೀನ?"

ಸಾಕ್ಷ್ಯಚಿತ್ರದ ಕುರಿತು ಕೇಳಬೇಕಾದ ಮೊದಲ ಪ್ರಶ್ನೆಯೇ ಅದೆಂದು ನನಗೆ ಈಗ ಅನ್ನಿಸುತ್ತದೆ. ಒಳಗೆ ಹೇಗೆ ಹೋದರು, ಯಾರು ಕರೆದುಕೊಂಡು ಹೋದರು, ಹೋದ ಮೇಲೆ ಎಷ್ಟು ದಿನ ಇದ್ದರು. ಇದಕ್ಕೆ ಉತ್ತರ ಸಿಕ್ಕರೆ ಚಿತ್ರ ಯಾರ ಪರವಾಗಿದೆ ಎಂಬುದನ್ನು ಬೇರೆಯಾಗಿ ಕೇಳಬೇಕಾಗುವುದಿಲ್ಲ.

ಹನ್ನೊಂದು ನಿಮಿಷದ ರೀಲು

ಆ ಕಾಲದ ತಾಂತ್ರಿಕ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಯುಗಾಂತರ್ ಚಿತ್ರಗಳು 16 ಎಂಎಂ ಫಿಲ್ಮಿನಲ್ಲಿ ತೆಗೆದಂಥವು. 400 ಅಡಿಯ ಒಂದು ರೀಲು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ ಸುಮಾರು ಹನ್ನೊಂದು ನಿಮಿಷಕ್ಕೆ ಮುಗಿದುಹೋಗುತ್ತದೆ. ಫಿಲ್ಮಿಗೆ ದುಡ್ಡು, ಸಂಸ್ಕರಣೆಗೆ ದುಡ್ಡು, ಧ್ವನಿಗೆ ಬೇರೆ ಯಂತ್ರ, ಕೊನೆಗೆ ಪ್ರತಿ ತೆಗೆಸಲು ಮತ್ತೆ ದುಡ್ಡು. ಮೂರು ಗಂಟೆ ನಡೆಯುವ ಸಂಘದ ಸಭೆಯನ್ನು ಇಡಿಯಾಗಿ ಚಿತ್ರೀಕರಿಸುವ ಮಾತೇ ಇರಲಿಲ್ಲ. ಹಾಗಾಗಿ ಮೊದಲು ತಿಂಗಳುಗಟ್ಟಲೆ ಕ್ಯಾಮೆರಾ ಇಲ್ಲದೆ ಕೂತು ಕೇಳಬೇಕು, ಯಾವ ಮಾತು ಮುಖ್ಯ ಎಂಬುದನ್ನು ಸಭೆಯೇ ತೀರ್ಮಾನಿಸಬೇಕು, ಆಮೇಲೆ ಹನ್ನೊಂದು ನಿಮಿಷದ ರೀಲನ್ನು ತಿರುಗಿಸಬೇಕು. ಅಭಿನಯಿಸಿ ತೋರಿಸುವ ಕ್ರಮಕ್ಕೆ ರಾಜಕೀಯ ಕಾರಣವಿದ್ದ ಹಾಗೆಯೇ ಈ ಕಾರಣವೂ ಇದ್ದಿರಬೇಕೆಂದು ನನ್ನ ಊಹೆ. ಈಗ ಯಾರ ಕೈಯಲ್ಲಾದರೂ ಇರುವ ಫೋನು ಗಂಟೆಗಟ್ಟಲೆ ಚಿತ್ರೀಕರಿಸುತ್ತದೆ. ಸಲಕರಣೆ ಅಗ್ಗವಾದಂತೆ ಅದಕ್ಕೂ ಮುಂಚಿನ ಆ ಕೇಳಿಸಿಕೊಳ್ಳುವ ಕಾಲ ಕುಗ್ಗಿಹೋಗಿದೆ. ಬೆಳಿಗ್ಗೆ ಹಳ್ಳಿಗೆ ಹೋಗಿ ಸಂಜೆ ಸಂದರ್ಶನ ಮುಗಿಸಿ ಬರುವ ತಂಡಗಳಿಗೆ ಒಂಟಿ ಮುಖವಲ್ಲದೆ ಇನ್ನೇನು ಸಿಗಲು ಸಾಧ್ಯ?

ನವ್ರೋಜ್ ಕಾಂಟ್ರಾಕ್ಟರ್ ಅವರ ಕ್ಯಾಮೆರಾದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬರೋಡಾದಲ್ಲಿ ಚಿತ್ರಕಲೆ, ಪುಣೆಯ ಫಿಲ್ಮ್ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು, ಮಣಿ ಕೌಲ್ ಅವರ 'ದುವಿಧಾ'ದಂಥ ಚಿತ್ರಕ್ಕೆ ಬಣ್ಣ ಮತ್ತು ಬೆಳಕನ್ನು ಹೊಂದಿಸಿದ್ದವರು ಅವರು. ಅದೇ ಕಣ್ಣು ವಖಾರಿಯ ಮಬ್ಬಿನಲ್ಲೂ ಕೆಲಸ ಮಾಡಿದೆ. ಬಡವರ ಬಗೆಗಿನ ಚಿತ್ರವಾದರೆ ಚೌಕಟ್ಟು ಹೇಗಿದ್ದರೂ ನಡೆಯುತ್ತದೆಂಬ ಉದಾಸೀನ ಅವರಲ್ಲಿ ಕಾಣುವುದಿಲ್ಲ. ಕೂಲಿ ಮಾಡುವವರನ್ನೂ ಅಷ್ಟೇ ಶ್ರದ್ಧೆಯಿಂದ, ಅಷ್ಟೇ ಚೆಲುವಾಗಿ ತೋರಿಸಬೇಕೆಂಬ ಹಟ ಅಲ್ಲಿದೆ. 2023ರ ಜೂನ್‌ನಲ್ಲಿ ಹೊಸೂರಿನ ಹತ್ತಿರ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ದೀಪಾ ಅವರ ಚಿತ್ರಗಳ ಅರ್ಧ ಶ್ರೇಯಸ್ಸನ್ನು ಅವರಿಗೆ ಕೊಡದೆ ಈ ವೃತ್ತಿಜೀವನವನ್ನು ಬರೆಯಲಾಗದು.

ನೆಲದ ಮೇಲೆ ಬರೆದ ದೇಹ

'ಸಮ್‌ಥಿಂಗ್ ಲೈಕ್ ಎ ವಾರ್' 1991ರದು, ಬ್ರಿಟನ್ನಿನ ಚಾನೆಲ್ 4 ವಾಹಿನಿಗಾಗಿ ಮಾಡಿದ್ದು, ನಮ್ಮ ಕುಟುಂಬ ಯೋಜನೆಯ ಕುರಿತದ್ದು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 83 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅವರಲ್ಲಿ ಮುಕ್ಕಾಲು ಪಾಲು ಗಂಡಸರು. ಅದರ ಸಿಟ್ಟು ಚುನಾವಣೆಯಲ್ಲಿ ತೀರಿತು. ಆಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಹೋಗಲಿಲ್ಲ. ಕಾರ್ಯಕ್ರಮ ನಿಲ್ಲಲಿಲ್ಲ, ಹೆಂಗಸರ ದೇಹದ ಕಡೆಗೆ ತಿರುಗಿತು. ಉದರದರ್ಶಕ (ಲ್ಯಾಪರೋಸ್ಕೋಪ್) ಬಂದ ಮೇಲೆ ಒಂದೊಂದು ಶಸ್ತ್ರಚಿಕಿತ್ಸೆಯನ್ನೂ ಕೆಲವೇ ನಿಮಿಷಗಳಲ್ಲಿ ಮುಗಿಸಬಹುದಾಯಿತು. ಶಾಲಾ ಶಿಕ್ಷಕರಿಂದ ಹಿಡಿದು ಆರೋಗ್ಯ ಸಹಾಯಕಿಯರವರೆಗೆ ಎಲ್ಲರಿಗೂ ಇಂತಿಷ್ಟು ಎಂದು ಗುರಿ ನಿಗದಿಯಾಯಿತು.

ಚಿತ್ರದಲ್ಲಿ ಎರಡು ಜಾಗಗಳಿವೆ. ಒಂದು ಶಿಬಿರ. ಅಲ್ಲಿ ಹೆಂಗಸರನ್ನು ಸಾಲಾಗಿ ತಂದು ಮಲಗಿಸುತ್ತಾರೆ, ವೈದ್ಯರು ಒಬ್ಬರಿಂದ ಇನ್ನೊಬ್ಬರಿಗೆ ಸರಿಯುತ್ತ ಹೋಗುತ್ತಾರೆ, ಯಾರ ಹೆಸರನ್ನೂ ಯಾರೂ ಕರೆಯುವುದಿಲ್ಲ. ಇನ್ನೊಂದು, ರಾಜಸ್ಥಾನದ ಹಳ್ಳಿಯ ಹೆಂಗಸರು ಕೂಡಿ ಕೂತ ಕೋಣೆ. ಅವರು ನೆಲದ ಮೇಲೆ ಹೆಣ್ಣಿನ ದೇಹದ ಆಕಾರವೊಂದನ್ನು ಬರೆದುಕೊಂಡು ಮುಟ್ಟು, ಬಸಿರು, ಸುಖ, ಗಂಡ, ಅತ್ತೆ, ಮಗು ಬೇಕೆಂಬ ಆಸೆ, ಸಾಕೆಂಬ ಬಳಲಿಕೆ ಎಲ್ಲವನ್ನೂ ಮಾತಾಡುತ್ತಾರೆ. ಚಿತ್ರ ಇವೆರಡರ ನಡುವೆ ಹೋಗಿ ಬರುತ್ತದೆ. ಶಿಬಿರದ ದೃಶ್ಯವನ್ನಷ್ಟೇ ತೋರಿಸಿ ನಮ್ಮನ್ನು ತಲ್ಲಣಗೊಳಿಸುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಮೇಜಿನ ಮೇಲೆ ಮಲಗಿದ ಹೆಂಗಸು ನಮ್ಮ ನೆನಪಿನಲ್ಲೂ ಬರಿಯ ದೇಹವಾಗಿಯೇ ಉಳಿಯುತ್ತಿದ್ದಳು. ಅವಳಂಥವರೇ ಕೋಣೆಯಲ್ಲಿ ಕೂತು ನಗುತ್ತ, ವಾದಿಸುತ್ತ ತಮ್ಮ ದೇಹದ ಬಗ್ಗೆ ತಮಗೆ ಎಷ್ಟು ತಿಳಿದಿದೆ ಎಂದು ತೋರಿಸಿದ ಮೇಲೆ ಶಿಬಿರಕ್ಕೆ ಮರಳಿದಾಗ, ಅಲ್ಲಿ ಏನನ್ನು ಕಡೆಗಣಿಸಲಾಗುತ್ತಿದೆ ಎಂಬುದು ಅರ್ಥವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ವೃತ್ತಿಜೀವನದ ಅತ್ಯಂತ ಗಟ್ಟಿಯಾದ ಸಂಕಲನದ ಯೋಚನೆ ಇದು.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಸಭಾಂಗಣದಲ್ಲಿ ಈ ಚಿತ್ರದ ಪ್ರದರ್ಶನವಿತ್ತು. ಪ್ಲಾಸ್ಟಿಕ್ ಕುರ್ಚಿಗಳು, ಪರದೆಯ ಒಂದು ಮೂಲೆ ಮಡಚಿಕೊಂಡಿತ್ತು, ಹೊರಗೆ ಮಳೆ. ಮುಗಿದ ಮೇಲೆ ಸಂವಾದದಲ್ಲಿ ಒಬ್ಬ ಯುವಕ ಎದ್ದು, 1991ರಲ್ಲೇ ಇಷ್ಟನ್ನು ತೋರಿಸಿದ ಮೇಲೂ 2014ರಲ್ಲಿ ಬಿಲಾಸಪುರದಲ್ಲಿ ಹಾಗಾಯಿತಲ್ಲ, ಹಾಗಾದರೆ ಈ ಚಿತ್ರದಿಂದ ಏನು ಪ್ರಯೋಜನವಾಯಿತು ಎಂದು ಕೇಳಿದ. ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ನಿಜವಾದ ನೋವಿತ್ತು. ಛತ್ತೀಸಗಡದ ಆ ಶಿಬಿರದಲ್ಲಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ವೇದಿಕೆಯ ಮೇಲಿದ್ದವರು ಉತ್ತರಕ್ಕೆ ತಡಕಾಡುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಮಹಿಳೆ ಎದ್ದು ನಿಂತರು. ತಾವು ಆರೋಗ್ಯ ಸಹಾಯಕಿಯಾಗಿ ನಿವೃತ್ತರಾದವರು ಎಂದು ಹೇಳಿಕೊಂಡರು. "ಮಾರ್ಚ್ ತಿಂಗಳು ಬಂದರೆ ನಮಗೆ ಜ್ವರ ಬಂದ ಹಾಗಾಗುತ್ತಿತ್ತು," ಎಂದರು. "ಗುರಿ ಮುಟ್ಟದಿದ್ದರೆ ಸಂಬಳ ನಿಲ್ಲುತ್ತಿತ್ತು. ಎರಡನೇ ಹೆರಿಗೆಯಾದ ಮನೆಗಳನ್ನು ಗುರುತು ಹಾಕಿಕೊಂಡು ದಿನಾ ಹೋಗಿ ಬಾಗಿಲಲ್ಲಿ ಕೂರುತ್ತಿದ್ದೆವು. ಒಪ್ಪಿದ ಮೇಲೆ ಅವರನ್ನು ಕರೆದುಕೊಂಡು ಹೋಗಿ, ವಾಪಸ್ಸು ಮನೆ ಮುಟ್ಟಿಸಿ, ಜ್ವರ ಬಂದರೆ ಬೈಸಿಕೊಳ್ಳುವುದೂ ನಾವೇ. ನಾವು ಅವರ ಕೈ ಹಿಡಿದಿದ್ದು ಸಮಾಧಾನಕ್ಕೋ ಎಳೆದೊಯ್ಯಲಿಕ್ಕೋ ಎಂದು ಆಗ ಯೋಚಿಸಲು ಬಿಡುವಿರಲಿಲ್ಲ." ಇಷ್ಟು ಹೇಳಿ ಅವರು ಕೂರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಮಹಿಳೆ ತಮ್ಮ ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಮಾತು ಸೇರಿಸಿದರು, ಮತ್ತೊಬ್ಬರು ತಡೆದು ತಮ್ಮ ತಾಯಿಯ ಕಥೆ ಹೇಳಿದರು. ಸಂವಾದ ನಡೆಸುತ್ತಿದ್ದವರು ಧ್ವನಿವರ್ಧಕವನ್ನು ಕೆಳಗಿಟ್ಟು ತಾವೂ ಕುರ್ಚಿ ಎಳೆದುಕೊಂಡು ಕೂತರು.

ಚಿತ್ರದಿಂದ ಏನಾಯಿತೆಂಬುದಕ್ಕೆ ನಾನು ಕೊಡಬಲ್ಲ ಉತ್ತರ ಅಂದು ಅಲ್ಲಿ ಕಂಡದ್ದೇ. ಕಾನೂನಿನ ಬದಲಾವಣೆಗಳು ಬೇರೆ ದಾರಿಯಲ್ಲಿ ನಡೆಯುತ್ತವೆ. ಕುಟುಂಬ ಯೋಜನೆಯ ಗುರಿ ಪದ್ಧತಿಯನ್ನು ಸರ್ಕಾರ 1996ರಲ್ಲಿ ಕೈಬಿಟ್ಟಿತು. ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಇವುಗಳ ಹಿಂದೆ ಆರೋಗ್ಯ ಹೋರಾಟಗಾರರ, ವಕೀಲರ, ಮಹಿಳಾ ಸಂಘಟನೆಗಳ ವರ್ಷಗಟ್ಟಲೆಯ ದುಡಿಮೆಯಿದೆ, ಅದನ್ನು ಒಂದು ಚಿತ್ರದ ಖಾತೆಗೆ ಬರೆಯುವುದು ಅನ್ಯಾಯ. ಆದರೆ ಆ ಆರೋಗ್ಯ ಸಹಾಯಕಿ ತನ್ನ ಸೇವಾವಧಿಯ ಉದ್ದಕ್ಕೂ ಯಾರೊಂದಿಗೂ ಆಡದಿದ್ದ ಮಾತನ್ನು ಅಪರಿಚಿತರ ನಡುವೆ ಆಡಲು ಸಾಧ್ಯವಾದದ್ದು ಪರದೆಯ ಮೇಲೆ ಹೆಂಗಸರು ಸುತ್ತ ಕೂತು ಮಾತಾಡುವುದನ್ನು ಆಗಷ್ಟೇ ನೋಡಿದ್ದರಿಂದ. ಒಂಟಿ ಮುಖವನ್ನು ತೋರಿಸುವ ಚಿತ್ರ ಮುಗಿದ ಮೇಲೆ ಸಭಾಂಗಣದಲ್ಲಿ ಮೌನ ಉಳಿಯುತ್ತದೆ; ಸಭೆಯನ್ನು ತೋರಿಸುವ ಚಿತ್ರ ಸಭೆಯನ್ನು ಹುಟ್ಟಿಸುತ್ತದೆ.

ನ್ಯಾಯ ಕೇಳುವವರು, ನ್ಯಾಯ ಹೇಳುವವರು

ತೊಂಬತ್ತರ ದಶಕದ ನಂತರ ಅವರ ಸಭೆಗಳ ಸ್ವರೂಪ ಬದಲಾಯಿತು. ಸಂಘ ಕಟ್ಟುತ್ತಿದ್ದ ಹೆಂಗಸರ ಜಾಗದಲ್ಲಿ ತೀರ್ಪು ಹೇಳುವ ಹೆಂಗಸರು ಬಂದರು. ಹಳ್ಳಿಯ ಹೆಂಗಸರ ಶಿಕ್ಷಣ ಮತ್ತು ಸಬಲೀಕರಣಕ್ಕಾಗಿ ಸರ್ಕಾರ ನಡೆಸಿದ ಮಹಿಳಾ ಸಮಖ್ಯಾ ಕಾರ್ಯಕ್ರಮ ಎಂಬತ್ತರ ದಶಕದ ಕೊನೆಗೆ ಮೊದಲು ಶುರುವಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಜರಾತಿನಲ್ಲಿ ಅದರಡಿ ಬೆಳೆದ ಮಹಿಳಾ ನ್ಯಾಯಪಂಚಾಯ್ತಿಗಳ ಮೇಲೆ 2000ದಲ್ಲಿ 'ನಾರಿ ಅದಾಲತ್' ಬಂತು. 2011ರ 'ಇನ್ವೋಕಿಂಗ್ ಜಸ್ಟಿಸ್' ತಮಿಳುನಾಡಿನ ಮುಸ್ಲಿಂ ಮಹಿಳಾ ಜಮಾತ್, ಅಂದರೆ ಸಮುದಾಯದ ಪಂಚಾಯ್ತಿ, ಕುರಿತದ್ದು. ಕುಟುಂಬದ ವ್ಯಾಜ್ಯಗಳನ್ನು ಗಂಡಸರಷ್ಟೇ ಇರುವ ಜಮಾತ್ ತೀರ್ಮಾನಿಸುವಾಗ ಹೆಂಡತಿಗೆ ಒಳಗೆ ಪ್ರವೇಶವೂ ಇಲ್ಲದಿದ್ದ ಸ್ಥಿತಿಯಲ್ಲಿ, ಪುದುಕೋಟೆಯ ಷರೀಫಾ ಖಾನಂ ಮತ್ತು ಸಂಗಡಿಗರು 2004ರಲ್ಲಿ ತಮ್ಮದೇ ಜಮಾತ್ ಸ್ಥಾಪಿಸಿದರು. ಚಿತ್ರ ಬರುವ ಹೊತ್ತಿಗೆ ಅದು 12 ಜಿಲ್ಲೆಗಳಿಗೆ ಹರಡಿ, 12,000 ಸದಸ್ಯೆಯರನ್ನು ಪಡೆದು, 8,000ಕ್ಕೂ ಹೆಚ್ಚು ಪ್ರಕರಣಗಳನ್ನು ಇತ್ಯರ್ಥಪಡಿಸಿತ್ತು.

ಇಲ್ಲಿ ಹನ್ನೊಂದು ನಿಮಿಷದ ರೀಲಿನ ಕಟ್ಟುಪಾಡಿಲ್ಲ, ವಿಡಿಯೊ ಬಂದಾಗಿದೆ. ಆದರೆ ಸಿಕ್ಕ ಸ್ವಾತಂತ್ರ್ಯವನ್ನು ದೀಪಾ ಧನರಾಜ್ ಬಳಸಿದ್ದು ವಿಚಾರಣೆಯ ನಡುವೆ ಕೂತು ತಾಳ್ಮೆಯಿಂದ ಕಾಯಲಿಕ್ಕೆ. ಒಂದು ಪ್ರಕರಣ ಹೇಗೆ ಬಿಚ್ಚಿಕೊಳ್ಳುತ್ತದೆ, ಮೊದಲು ಹೇಳಿದ ಕಾರಣದ ಹಿಂದೆ ಇನ್ನೊಂದು ಕಾರಣ ಹೇಗೆ ಇಣುಕುತ್ತದೆ, ದೂರು ತಂದವಳ ಮಾತನ್ನೂ ಈ ಹೆಂಗಸರು ಹೇಗೆ ಅಳೆದು ತೂಗಿ ನೋಡುತ್ತಾರೆ ಎಂಬುದನ್ನು ಚಿತ್ರ ಆತುರವಿಲ್ಲದೆ ಹಿಂಬಾಲಿಸುತ್ತದೆ. ಮುಸ್ಲಿಂ ಹೆಂಗಸು ಎಂದೊಡನೆ ನಮ್ಮ ವಾಹಿನಿಗಳು ತೋರಿಸುವ ಬುರ್ಖಾದೊಳಗಿನ ಮೂಕ ಕಣ್ಣುಗಳು ಇಲ್ಲಿಲ್ಲ. ಇರುವವರು ಶರಿಯತ್ತನ್ನೂ ಸಂವಿಧಾನವನ್ನೂ ಉಲ್ಲೇಖಿಸಿ ಪೊಲೀಸ್ ಠಾಣೆಗೂ ಜಮಾತಿನ ಹಿರಿಯರ ಮನೆಗೂ ಒಂದೇ ಧೈರ್ಯದಲ್ಲಿ ಹೋಗುವವರು.

ಯುಗಾಂತರ್ ಕಾಲದ ನಂತರವೂ ಹೈದರಾಬಾದು ಅವರನ್ನು ಎರಡು ಸಲ ಕರೆದಿದೆ. 1984ರ ಕೋಮುಗಲಭೆಗಳ ಮೇಲೆ 1986ರಲ್ಲಿ 'ಕ್ಯಾ ಹುವಾ ಇಸ್ ಶಹರ್ ಕೋ' ಮಾಡಿದರು. ಎರಡೂ ಕಡೆಯ ನಾಯಕರ ಭಾಷಣಗಳನ್ನೂ ಕರ್ಫ್ಯೂ ಕಾಲದಲ್ಲಿ ಕೂಲಿಯಿಲ್ಲದೆ ಮನೆಯೊಳಗೆ ಸಿಕ್ಕಿಕೊಂಡವರ ಮಾತುಗಳನ್ನೂ ಅದು ಎದುರುಬದುರು ಇಡುತ್ತದೆ. ಮೂರು ದಶಕಗಳ ನಂತರ ಅದೇ ಊರಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, 2016ರ ಜನವರಿ 17ರಂದು ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಪ್ರಾಣ ಕಳೆದುಕೊಂಡ ಮೇಲೆ, ಮತ್ತೆ ಕ್ಯಾಮೆರಾ ಹಿಡಿದು ಹೋದರು. 2018ರ 'ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ' ರೋಹಿತರ ಜೀವನಚರಿತ್ರೆಯಲ್ಲ. ಒಬ್ಬ ಯುವಕನ ಸಾವನ್ನು ಆಧರಿಸಿದ ಚಿತ್ರದಲ್ಲಿ ಅವನ ಭಾವಚಿತ್ರದ ಮೇಲೆ ದೀರ್ಘವಾಗಿ ನಿಲ್ಲುವ ಆಸೆ ಎಷ್ಟಿರಬೇಕು! ಆ ಆಸೆಯನ್ನು ತಡೆದು ಚಿತ್ರ ವೆಲಿವಾಡದಲ್ಲಿ, ಅಂದರೆ ಹಾಸ್ಟೆಲಿನಿಂದ ಹೊರಹಾಕಲ್ಪಟ್ಟ ರೋಹಿತ್ ಸೇರಿದಂತೆ ಐವರು ವಿದ್ಯಾರ್ಥಿಗಳು ಆವರಣದಲ್ಲೇ ಕಟ್ಟಿಕೊಂಡ ಆ ಡೇರೆಯ ಸುತ್ತ, ಸೇರಿದ ವಿದ್ಯಾರ್ಥಿಗಳನ್ನು ಕೇಳಿಸಿಕೊಳ್ಳುತ್ತದೆ. ಅವರ ಇಂಗ್ಲಿಷು, ತೆಲುಗು, ಹಿಂದಿ, ಅವರ ಓದು, ಅಂಬೇಡ್ಕರ್ ಅವರನ್ನು ಅವರು ತಮ್ಮ ವಾದದಲ್ಲಿ ಬಳಸುವ ಚುರುಕು, ಇವೆಲ್ಲ ಸೇರಿ ಶೋಕದ ಚಿತ್ರವನ್ನು ವಾಗ್ವಾದದ ಚಿತ್ರವಾಗಿಸುತ್ತವೆ.

ಕಾಣದೆ ಉಳಿದ ಬಗೆ

ಇಷ್ಟು ಕೆಲಸ ಮಾಡಿದವರ ಹೆಸರು ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಯಾಕೆ ಗೊತ್ತಿಲ್ಲ? ಒಂದು ಕಾರಣ, ಸಾಕ್ಷ್ಯಚಿತ್ರ ನಮ್ಮಲ್ಲಿ ಸುದ್ದಿಯಾಗುವುದು ನಿಷೇಧವಾದಾಗ ಮಾತ್ರ. ಆನಂದ್ ಪಟವರ್ಧನ್ ಅವರ ಹೆಸರು ಊರೆಲ್ಲ ತಿಳಿದದ್ದರಲ್ಲಿ ಅವರ ಚಿತ್ರಗಳ ಶಕ್ತಿಯಷ್ಟೇ ನ್ಯಾಯಾಲಯಗಳ ಪಾತ್ರವೂ ಇದೆ. 'ಜಂಗ್ ಔರ್ ಅಮನ್' ಚಿತ್ರಕ್ಕೆ ಸೆನ್ಸಾರ್ ಮಂಡಳಿ 21 ಕತ್ತರಿ ಹೇಳಿದಾಗ ಬಾಂಬೆ ಹೈಕೋರ್ಟಿಗೆ ಹೋಗಿ ಒಂದೂ ಕತ್ತರಿಯಿಲ್ಲದೆ 2003ರಲ್ಲಿ ಬಿಡಿಸಿಕೊಂಡರು. 'ಪಿತೃ, ಪುತ್ರ ಔರ್ ಧರ್ಮಯುದ್ಧ'ವನ್ನು ದೂರದರ್ಶನ ಪ್ರಸಾರ ಮಾಡಲೇಬೇಕೆಂದು ಸುಪ್ರೀಂ ಕೋರ್ಟಿನಿಂದ 2006ರಲ್ಲಿ ಆದೇಶ ತಂದರು. ಕಲಬುರ್ಗಿ ಮತ್ತು ಗೌರಿ ಲಂಕೇಶರ ಹತ್ಯೆಗಳನ್ನೂ ಒಳಗೊಂಡ 'ವಿವೇಕ್' ಚಿತ್ರವನ್ನು 2019ರಲ್ಲಿ ಕೇರಳದ ಚಿತ್ರೋತ್ಸವದಲ್ಲಿ ತೋರಿಸಲು ಕೂಡ ಅಲ್ಲಿನ ಹೈಕೋರ್ಟಿನ ಅನುಮತಿ ಬೇಕಾಯಿತು. ಆ ಹೋರಾಟದಿಂದ ಎಲ್ಲ ಸಾಕ್ಷ್ಯಚಿತ್ರಕಾರರಿಗೂ ಉಪಕಾರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಘದ ಸಭೆಯಲ್ಲಿ, ಮಹಿಳಾ ಗುಂಪುಗಳ ಕಾರ್ಯಾಗಾರದಲ್ಲಿ, ಕಾಲೇಜಿನ ಕೋಣೆಯಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದ ಚಿತ್ರಗಳಿಗೆ ಅಂಥ ದಾಖಲೆ ಉಳಿಯುವುದಿಲ್ಲ. ಅವು ಎಷ್ಟು ಜನರನ್ನು ತಲುಪಿದವೆಂದು ಯಾವ ಪತ್ರಿಕೆಯೂ ಬರೆಯಲಿಲ್ಲ. ನಡುವೆ ದೀಪಾ ಧನರಾಜ್ ಶಿಕ್ಷಣ ಮತ್ತು ಆರೋಗ್ಯದ ಮೇಲೆ ಮಾಡಿದ ಸರಣಿ ಚಿತ್ರಗಳಂತೂ ಬಳಕೆಯಾಗಿ ಮುಗಿದು, ವಿಮರ್ಶಕರ ಕಣ್ಣಿಗೂ ಬೀಳದೆ ಹೋದವು. ಹೊಟ್ಟೆಪಾಡಿನ ಕೆಲಸವೆಂದು ಇಂಥ ಚಿತ್ರಗಳನ್ನು ಪಕ್ಕಕ್ಕಿಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ತರಗತಿಯಲ್ಲಿ ಶಿಕ್ಷಕಿಯೊಬ್ಬಳು ತೋರಿಸುವ ಚಿತ್ರಕ್ಕೆ ಚಿತ್ರೋತ್ಸವದ ಚಿತ್ರಕ್ಕಿಂತ ಕಡಿಮೆ ಎಚ್ಚರ ಸಾಲದು.

ಯುಗಾಂತರ್ ಚಿತ್ರಗಳು ಇಂದು ನೋಡಲು ಸಿಗುತ್ತಿರುವುದಕ್ಕೆ ಬರ್ಲಿನ್ನಿನ ಆರ್ಸೆನಲ್ ಚಲನಚಿತ್ರ ಸಂಸ್ಥೆ ಅವನ್ನು ಜೋಪಾನವಾಗಿ ಸರಿಪಡಿಸಿ ಡಿಜಿಟಲ್ ರೂಪಕ್ಕೆ ತಂದದ್ದು ಕಾರಣ. 'ಕ್ಯಾ ಹುವಾ ಇಸ್ ಶಹರ್ ಕೋ' ಚಿತ್ರವನ್ನು ಉಳಿಸಿದ್ದೂ ಅವರೇ. ನಿಪ್ಪಾಣಿಯ ಹೆಂಗಸರ ಸಭೆ ಬರ್ಲಿನ್ನಿನಲ್ಲಿ ಸುರಕ್ಷಿತವಾಗಿದೆ, ಅದಕ್ಕಾಗಿ ನಾನು ಕೃತಜ್ಞ. ಆದರೆ ನಾನು ನೋಡಿದ ಪ್ರತಿಗಳಲ್ಲಿ ಇದ್ದದ್ದು ಇಂಗ್ಲಿಷ್ ಉಪಶೀರ್ಷಿಕೆ. ಚಿಕ್ಕೋಡಿ, ನಿಪ್ಪಾಣಿಯವರಿಗೆ ಮರಾಠಿ ತಿಳಿಯುತ್ತದೆ. ರಾಮನಗರದವರಿಗೆ, ಮಂಡ್ಯದವರಿಗೆ ತಿಳಿಯುವುದಿಲ್ಲ. ಇಪ್ಪತ್ತೈದು ನಿಮಿಷದ ಚಿತ್ರಕ್ಕೆ ಕನ್ನಡದಲ್ಲಿ ಉಪಶೀರ್ಷಿಕೆ ಬರೆಯುವುದು ಒಂದು ವಾರದ ಕೆಲಸ, ಓದಲು ಬಾರದವರಿಗಾಗಿ ಕನ್ನಡದ ದನಿ ಸೇರಿಸುವುದು ಇನ್ನೊಂದೆರಡು ವಾರದ್ದು. ಚಿತ್ರಗಳ ಹಕ್ಕುದಾರರ ಅನುಮತಿ ಪಡೆದು ಇದನ್ನು ಮಾಡಲು ನಮ್ಮ ವಿಶ್ವವಿದ್ಯಾಲಯಗಳ ಮಹಿಳಾ ಅಧ್ಯಯನ ವಿಭಾಗಗಳಿಗೆ ಕಷ್ಟವಾಗಬಾರದು. ಮೊದಲು ಎತ್ತಿಕೊಳ್ಳಬೇಕಾದದ್ದು 'ಮೋಲಕರೀಣ್' ಎಂದು ನನ್ನ ಅಭಿಪ್ರಾಯ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು 2004ರಷ್ಟು ಹಿಂದೆಯೇ ಅಧಿಸೂಚಿಸಿದ ರಾಜ್ಯ ನಮ್ಮದು, ಬೆಂಗಳೂರಿನಲ್ಲಿ ಅವರ ಸಂಘಗಳಿವೆ, ಭಾನುವಾರ ಮಧ್ಯಾಹ್ನ ಸೇರುವ ಸಭೆಗಳಿವೆ. ವಾರದ ರಜೆ, ಹಬ್ಬದ ಬೋನಸ್ಸು, ಹೇಳದೆ ಕೇಳದೆ ಕೆಲಸದಿಂದ ಬಿಡಿಸುವುದು ಇವೇ ವಿಷಯಗಳ ಮೇಲೆ ಅವರು ಇಂದಿಗೂ ಮಾತಾಡುತ್ತಿದ್ದಾರೆ; 1980ರಲ್ಲಿ ಪುಣೆಯ ಹೆಂಗಸರು ಅದನ್ನೇ ಹೇಗೆ ಮಾತಾಡಿದರು, ಯಾವ ಬೀದಿಯಿಂದ ಮುಷ್ಕರ ಶುರುಮಾಡಿದರು ಎಂಬುದನ್ನು ಅವರು ತಮ್ಮ ಭಾಷೆಯಲ್ಲಿ ಕೇಳುವಂತಾಗಬೇಕು.